ಪೂರ್ವಾಶ್ರಯವನ್ನು ಅರಸಬಹುದೇ?

ಶರಣಪಥವನ್ನು ಹಿಡಿದವನ ಪೂರ್ವಾಶ್ರಯವನ್ನು ಅರಸಲಾಗದೆಂಬುದು ವೀರಶೈವರು ಬಾಲ್ಯದಿಂದ ಕೇಳುತ್ತ ಬಂದ ಮಾತು. ದೀಕ್ಷೆಯಿಂದ ಭವಿಯು ಭಕ್ತನಾಗುವನು; ಅನಂತರ ಆತನ ಹಿಂದನ್ನು ಕೆದಕುವುದು ದೀಕ್ಷೆಯನ್ನೇ ಅಲ್ಲಗಳೆದಂತೆ. ಕಳ್ಳತನದ ವೃತ್ತಿಯಿಂದ ಬಂದ ಕನ್ನದ ಮಾರಿತಂದೆಯೂ ಶರಣಗಣದಲ್ಲಿ ಸ್ಥಾನ ಪಡೆದನೆಂದು ಪರಂಪರೆಯು ಹೇಳುತ್ತದೆ. ಹೀಗಿರಲು, ಶಾಲೆಯ ಕೆಲಸಕ್ಕೆ ಸೇರುವ ಪ್ರತಿಯೊಬ್ಬನ ಹಿಂದಿನ ನಡತೆಯನ್ನು ಪೊಲೀಸರಿಂದ ವಿಚಾರಿಸಬೇಕೆಂಬ ಇಂದಿನ ನಿಯಮವು ವಚನಧರ್ಮಕ್ಕೆ ಸಮ್ಮತವೇ ಎಂಬ ಸಂದೇಹವು ಭಕ್ತರಲ್ಲಿ ಏಳುವುದು ಸಹಜವಾಗಿದೆ.

ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯಿದೆಯು 2012ರಲ್ಲಿ ಜಾರಿಗೆ ಬಂದಿತು. 2014ರಲ್ಲಿ ಬೆಂಗಳೂರಿನ ಶಾಲೆಯೊಂದರ ಎಳೆಯ ಬಾಲಕಿಯ ಪ್ರಕರಣದಿಂದ ನಾಡು ತಲ್ಲಣಿಸಿತು. ತಂದೆತಾಯಿಗಳು ಬೀದಿಗಿಳಿದು ಉತ್ತರ ಕೇಳಿದರು. 2020ರ ಮಾರ್ಚ್ ತಿಂಗಳಲ್ಲಿ ಹೊರಬಿದ್ದ ನಿಯಮಾವಳಿಯು, ಮಕ್ಕಳೊಡನೆ ನಿತ್ಯಸಂಪರ್ಕವುಳ್ಳ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮೂಲಕ ಕಾಲಕಾಲಕ್ಕೆ ಪರಿಶೀಲಿಸತಕ್ಕದ್ದೆಂದು ವಿಧಿಸಿತು. ಬೋಧಕ, ಬೋಧಕೇತರ, ಖಾಯಂ, ಗುತ್ತಿಗೆ ಎಂಬ ಭೇದ ಇಲ್ಲಿಲ್ಲ. ಮಕ್ಕಳಿಗೆ ವಸತಿ ನೀಡುವ ಸಂಸ್ಥೆಗಳೂ ಇದಕ್ಕೆ ಒಳಪಟ್ಟಿವೆ.

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಪುಂಜಾಲಕಟ್ಟೆಯಂತಹ ಊರಿನಲ್ಲಿ ಇದು ಅನಗತ್ಯವೆಂದು ತೋರಬಹುದು. ಬಿಸಿಯೂಟದ ಅಡುಗೆಯಾಕೆ ಯಾರ ಮಗಳು, ಶಾಲಾವಾಹನದ ಚಾಲಕನು ಯಾರ ಅಳಿಯ ಎಂಬುದು ಇಂತಹ ಊರುಗಳಲ್ಲಿ ಎಲ್ಲರಿಗೂ ತಿಳಿದ ಸಂಗತಿ. ನಮ್ಮವನಿಗೆ ಠಾಣೆಯ ಪತ್ರವೇಕೆ? ಆದರೆ ಮಗುವಿಗೆ ಕೇಡೆಸಗುವವನು ಬಹುಮಟ್ಟಿಗೆ ಮಗುವಿಗೆ ಪರಿಚಿತನೇ ಆಗಿರುತ್ತಾನೆಂದು ಸರ್ಕಾರದ ಅಪರಾಧ ವರದಿಗಳು ವರ್ಷವರ್ಷವೂ ತೋರಿಸಿವೆ. ಎಲ್ಲರನ್ನೂ ನಮ್ಮವರೆಂದು ಅಪ್ಪಿಕೊಳ್ಳಲು ಬಸವಣ್ಣನವರು ಕಲಿಸಿದರು. ಅಪ್ಪಿಕೊಳ್ಳುವಾಗ ಕಣ್ಣು ಮುಚ್ಚಬೇಕೆಂದು ಕಲಿಸಲಿಲ್ಲ.

ಶರಣರು ಅರಸಬಾರದೆಂದುದು ಕುಲವನ್ನು. ಹುಟ್ಟನ್ನು ಯಾರೂ ಆರಿಸಿಕೊಂಡು ಬರುವುದಿಲ್ಲ, ನಡತೆಯಾದರೋ ನಡೆದವನದೇ. ಪಂಚಾಚಾರಗಳಲ್ಲಿ ಸದಾಚಾರವು ಕಾಯಕದ ಶುದ್ಧಿಯನ್ನು ಕೇಳುತ್ತದೆ; ಗಣಾಚಾರವು ಅನ್ಯಾಯವನ್ನು ಕಂಡು ಸುಮ್ಮನಿರಲಾಗದೆನ್ನುತ್ತದೆ. ಆದುದರಿಂದ ನಡತೆಯ ವಿಚಾರಣೆಯು ಧರ್ಮವಿರುದ್ಧವಲ್ಲ. ಆದರೆ ಆ ನೆಪದಲ್ಲಿ ಕುಲವನ್ನು ಕೇಳುವುದು ಶರಣಧರ್ಮಕ್ಕೇ ದ್ರೋಹ. ಜಮೀನಿನ ವ್ಯಾಜ್ಯದಲ್ಲಿ ಹೆಸರು ಸೇರಿದವನನ್ನೂ, ನ್ಯಾಯಾಲಯವು ನಿರ್ದೋಷಿಯೆಂದು ಬಿಟ್ಟವನನ್ನೂ ದುಷ್ಟನೆಂದು ಹೊರದೂಡುವುದೂ ಅನ್ಯಾಯವೇ.

ಹಾಗಾದರೆ ಪಶ್ಚಾತ್ತಾಪಕ್ಕೆ ಬೆಲೆಯಿಲ್ಲವೇ? ಉಂಟು. ತಪ್ಪನ್ನರಿತು ತಿದ್ದಿಕೊಂಡವನಿಗೆ ದಾಸೋಹದ ಪಂಕ್ತಿಯಲ್ಲಿ ಎಡೆಯುಂಟು, ಬಾಳಲು ಕಾಯಕವುಂಟು. ಆದರೆ ಮಗುವಿಗೆ ಕೇಡೆಸಗಿದವನಿಗೆ ಮಕ್ಕಳ ನಡುವೆಯೇ ಕಾಯಕವನ್ನು ಕೇಳುವ ಹಕ್ಕಿಲ್ಲ. ಹಿರಿಯರು ತಮ್ಮ ಸ್ವತ್ತನ್ನು ಉದಾರವಾಗಿ ಕೊಡಬಹುದು. ಮಗುವಿನ ಕ್ಷೇಮವನ್ನು ಒತ್ತೆಯಿಟ್ಟು ಉದಾರಿಗಳಾಗಲಾಗದು. ನಿಜವಾಗಿ ಪರಿವರ್ತನೆಗೊಂಡವನು ಆ ಸ್ಥಾನವನ್ನು ತಾನಾಗಿಯೇ ಬೇಡನು.

ಇನ್ನೊಂದು ಮಾತನ್ನು ಮರೆಯಲಾಗದು. ಠಾಣೆಯ ಪತ್ರವು ದೂರು ದಾಖಲಾದವನನ್ನು ಮಾತ್ರ ತೋರಿಸಬಲ್ಲುದು. ಸಂಸ್ಥೆಯ ಮಾನಕ್ಕೆ ಅಂಜಿ ದೂರನ್ನು ಅಡಗಿಸಿ, ತಪ್ಪಿತಸ್ಥನ ರಾಜೀನಾಮೆ ಪಡೆದು, ಕೈಗೆ ಸನ್ನಡತೆಯ ಪತ್ರವಿತ್ತು ಕಳುಹಿಸುವ ಆಡಳಿತ ಮಂಡಳಿಯು ಮುಂದಿನ ಊರಿನ ಮಗುವಿಗೆ ಕೇಡು ಬಗೆಯುತ್ತದೆ. ಅಲ್ಲಿ ಎಷ್ಟು ಶ್ರದ್ಧೆಯಿಂದ ಪರಿಶೀಲಿಸಿದರೂ ಪತ್ರವು ನಿರ್ಮಲವಾಗಿಯೇ ಬರುವುದು. ಹೀಗೆ ಮುಚ್ಚಿಡುವ ಸಂಸ್ಥೆಯ ಮುಖ್ಯಸ್ಥನಿಗೆ ಕಾಯಿದೆಯು ಒಂದು ವರ್ಷದವರೆಗೆ ಸೆರೆವಾಸವನ್ನು ವಿಧಿಸಿದೆ. ಕಾಯಿದೆಯ ಭಯಕ್ಕಿಂತ ಮೊದಲೇ ಗಣಾಚಾರವು ಅವನನ್ನು ಎಚ್ಚರಿಸಬೇಕಿತ್ತು.

ಆದುದರಿಂದ ಮಠಗಳ ಶಾಲೆಗಳೂ ವಿದ್ಯಾರ್ಥಿನಿಲಯಗಳೂ ಈ ವಿಧಿಯನ್ನು ಮೊದಲು ತಾವು ಪಾಲಿಸಿ ತೋರಿಸಬೇಕು. ಕಾವಿಯಾಗಲಿ ವಿಭೂತಿಯಾಗಲಿ ಪರಿಶೀಲನೆಗೆ ಬದಲಾಗದು. ಮನೆಯಲ್ಲಿ ಮಗುವು ಅಂಜುತ್ತ ಹೇಳಿದ ಮಾತನ್ನು ಗೃಹಸ್ಥರು ನಂಬಿ ಕೇಳಬೇಕು. 1098ಕ್ಕೆ ಕರೆಮಾಡಲು ಹಿಂಜರಿಯಬಾರದು. ಅರಿವೇ ಗುರುವೆಂದು ನಂಬಿದ ಸಮಾಜದಲ್ಲಿ, ಗುರುವಿನ ಸ್ಥಾನಕ್ಕೆ ಬರುವವನನ್ನು ಅರಿತು ಬರಮಾಡಿಕೊಳ್ಳುವುದೂ ಶಿವಪೂಜೆಯ ಒಂದು ಅಂಗವೇ ಸರಿ.