ಉಪಸರ್ಗ ಕಳೆದ ಮೇಲೆ

ಶ್ರಾವಣ ಶುದ್ಧ ಪೂರ್ಣಿಮೆಯ ದಿನ ಅನೇಕ ಜೈನ ಗೃಹಗಳಲ್ಲಿ ಶ್ಯಾವಿಗೆಯ ಪಾಯಸ ಮಾಡುವ ರೂಢಿಗೆ ಹಸ್ತಿನಾಪುರದ ಕಥೆಯೇ ಮೂಲ. ಅಕಂಪನಾಚಾರ್ಯರ ಸಂಘದ 700 ಮುನಿಗಳ ಸುತ್ತ ಬಲಿಯು ಯಜ್ಞದ ನೆಪದಲ್ಲಿ ಬೆಂಕಿ ಹೊತ್ತಿಸಿದುದು, ವಿಷ್ಣುಕುಮಾರ ಮುನಿಗಳು ತಮ್ಮ ತಪಸ್ಸನ್ನು ಬದಿಗಿರಿಸಿ ವಾಮನರೂಪದಿಂದ ಬಂದು ಆ ಉಪಸರ್ಗವನ್ನು ನಿವಾರಿಸಿದುದು ಮಕ್ಕಳಿಗೂ ತಿಳಿದ ವಿಷಯ. ಕಥೆ ಹೇಳುವವರು ಸಾಮಾನ್ಯವಾಗಿ ಮೂರು ಹೆಜ್ಜೆಗಳ ಅದ್ಭುತದಲ್ಲಿಯೇ ನಿಂತುಬಿಡುತ್ತಾರೆ. ಅನಂತರದ ಸಂಗತಿಯೂ ಅಷ್ಟೇ ದೊಡ್ಡದು. ಬೆಂಕಿ ಆರಿತು, ಆದರೆ ಹೊಗೆಯಿಂದ ಮುನಿಗಳ ಗಂಟಲು ನೊಂದಿತ್ತು, ಎಂದಿನ ಆಹಾರ ಇಳಿಯುವಂತಿರಲಿಲ್ಲ. ಶ್ರಾವಕರು ಅದನ್ನು ಗಮನಿಸಿ ಸುಲಭವಾಗಿ ಇಳಿಯುವ ಮೃದುವಾದ ಆಹಾರವನ್ನು ನೀಡಿದರು. ಉಪಸರ್ಗ ಮುಗಿಯಿತಲ್ಲ, ಇನ್ನೇನು ಉಳಿದಿದೆ ಎಂದು ಅವರು ಮನೆಗೆ ಹೋಗಲಿಲ್ಲ.

ಗಂಟಲಿಗೆ ಆದುದು ಮನಸ್ಸಿಗೂ ಆಗುತ್ತದೆ ಎಂಬುದನ್ನು ವೈದ್ಯಶಾಸ್ತ್ರವು ತಡವಾಗಿಯೇ ಒಪ್ಪಿತು. ಅಮೆರಿಕದ ಮನೋವೈದ್ಯರ ಸಂಘವು ಆಘಾತದ ನಂತರ ಉಳಿಯುವ ಮಾನಸಿಕ ವ್ಯಾಧಿಗೆ ತನ್ನ ಕೈಪಿಡಿಯಲ್ಲಿ ಪ್ರತ್ಯೇಕ ಸ್ಥಾನ ಕೊಟ್ಟದ್ದು 1980ರಲ್ಲಿ. ನಮ್ಮ ನಾಡಿನಲ್ಲಿಯೂ ಈ ವಿಚಾರ ಹೊಸದೇನಲ್ಲ. 1981ರಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದಾಗ, ತಮ್ಮವರನ್ನು ಕಳೆದುಕೊಂಡ ಕುಟುಂಬಗಳ ಶೋಕವನ್ನು ನಿಮ್ಹಾನ್ಸ್ ಸಂಸ್ಥೆಯವರು ಅಭ್ಯಾಸ ಮಾಡಿದರು. 1984ರ ಭೋಪಾಲದ ಅನಿಲ ದುರಂತದ ಬಳಿಕ ಅದೇ ಸಂಸ್ಥೆಯ ಡಾ. ಆರ್. ಶ್ರೀನಿವಾಸಮೂರ್ತಿ ಮೊದಲಾದವರು ಅಲ್ಲಿಯ ವೈದ್ಯರಿಗೆ ಮನಸ್ಸಿನ ಗಾಯವನ್ನು ಗುರುತಿಸುವ ತರಬೇತಿ ನೀಡಿದರು. ಕಲಬುರಗಿ ಸೀಮೆಯ ಹಿರಿಯರಿಗೆ ಇಷ್ಟು ದೂರದ ಉದಾಹರಣೆಯೂ ಬೇಡ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆಳಂದದ ಗಡಿಗೆ ದೂರವಲ್ಲದ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸುಮಾರು 10,000 ಜನ ಕಲ್ಲುಮಣ್ಣಿನ ಗೋಡೆಗಳ ಅಡಿಯಲ್ಲಿ ಸತ್ತರು. ಮನೆ ಬೀಳದೆ ಉಳಿದವರೂ ಮುಂದೆ ಎಷ್ಟೋ ರಾತ್ರಿ ಒಳಗೆ ಮಲಗಲು ಅಂಜಿದರು. ಭೂಮಿಯ ನಡುಕ ಕೆಲವು ಕ್ಷಣಗಳದು. ಎದೆಯ ನಡುಕಕ್ಕೆ ಅಂತಹ ಲೆಕ್ಕವಿಲ್ಲ.

ಭೂಕಂಪವಾದರೆ ಲೋಕಕ್ಕೆ ತಿಳಿಯುತ್ತದೆ, ಸರಕಾರ ಬರುತ್ತದೆ, ಪತ್ರಿಕೆ ಬರೆಯುತ್ತದೆ. ಒಂದೇ ಮನೆಯೊಳಗೆ ಆದ ಉಪಸರ್ಗವನ್ನು ಕಾಣುವವರಾರು? ಜೇವರ್ಗಿಯಿಂದ ಬೇರ್ಪಟ್ಟು ತಾಲೂಕಾಗಿರುವ ಯಡ್ರಾಮಿಯ ಸುತ್ತ ತೊಗರಿಯ ಬೆಳೆ ಮಳೆಯನ್ನೇ ನಂಬಿ ನಿಂತದ್ದು. ಸಾಲಕ್ಕೆ ಸೋತು ಹೊಲದಲ್ಲಿ ಪ್ರಾಣ ಬಿಟ್ಟ ತಂದೆಯನ್ನು ಮೊದಲು ಕಂಡವನು ಹದಿನೈದರ ಮಗ ಎಂದಿಟ್ಟುಕೊಳ್ಳಬಹುದು. ವರ್ಷ ಕಳೆದರೂ ಅವನು ಆ ಹೊಲದ ದಾರಿ ತುಳಿಯುವುದಿಲ್ಲ, ಬಾಗಿಲು ಸದ್ದಾದರೆ ಬೆಚ್ಚುತ್ತಾನೆ, ಪುಸ್ತಕ ಹಿಡಿದರೆ ಅಕ್ಷರಗಳು ಕಾಣುವುದಿಲ್ಲ. ಅಥವಾ ಹತ್ತಿರದ ನೆಂಟನಿಂದಲೇ ಕೆಟ್ಟ ಅನುಭವವಾದ ಹುಡುಗಿಯೊಬ್ಬಳು, ಹಬ್ಬಕ್ಕೆ ಅವನು ಬಂದಾಗಲೆಲ್ಲ ಹೊಟ್ಟೆನೋವೆಂದು ಮಲಗುತ್ತಾಳೆ. ಇಂತಹವರ ಎದುರಿಗೆ ಮನೆಯ ಹಿರಿಯರು ಆಡುವ ಮಾತು ಒಂದೇ: ಅವರವರ ಕರ್ಮ, ಉಂಡೇ ತೀರಬೇಕು.

ಈ ಮಾತು ಜಿನಶಾಸನಕ್ಕೆ ಸಮ್ಮತವೇ ಎಂಬುದನ್ನು ಪರೀಕ್ಷಿಸಬೇಕು. ಅಸಾತಾವೇದನೀಯದ ಉದಯದಿಂದ ದುಃಖ ಬರುತ್ತದೆ ಎಂಬುದು ನಿಜ. ಆದರೆ ಅದೇ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು, ಇನ್ನೊಬ್ಬರಲ್ಲಿ ದುಃಖ, ಶೋಕ, ತಾಪ, ಆಕ್ರಂದನಗಳನ್ನು ಉಂಟುಮಾಡುವವನಿಗೂ ಅಸಾತಾವೇದನೀಯವೇ ಆಸ್ರವಿಸುತ್ತದೆ ಎನ್ನುತ್ತದೆ. ಜೀವಿಗಳ ಮೇಲಿನ ಅನುಕಂಪೆಯನ್ನೂ ದಾನವನ್ನೂ ಸಾತಾವೇದನೀಯದ ಕಾರಣಗಳಲ್ಲಿ ಎಣಿಸುತ್ತದೆ. ನೊಂದವನ ಕರ್ಮದ ಲೆಕ್ಕ ಹೇಳುತ್ತಾ ಕುಳಿತವನು ತನ್ನ ಖಾತೆಯಲ್ಲಿ ಏನು ಜಮೆಯಾಗುತ್ತಿದೆ ಎಂಬುದನ್ನು ನೋಡುವುದಿಲ್ಲ. ಕಮಠನ ಜೀವವು ಭಗವಾನ್ ಪಾರ್ಶ್ವನಾಥರ ಮೇಲೆ ಮಳೆಗಲ್ಲುಗಳನ್ನು ಸುರಿಸಿದಾಗ ಧರಣೇಂದ್ರನು ಹೆಡೆಯನ್ನು ಬಿಚ್ಚಿ ಹಿಡಿದನು. ಸಹಿಸುವ ಸಾಮರ್ಥ್ಯ ಭಗವಂತರಿಗಿರಲಿಲ್ಲವೇ? ಪೂರ್ವಭವಗಳ ವೈರವು ಫಲ ಕೊಡುತ್ತಿದೆ ಎಂಬುದು ಧರಣೇಂದ್ರನಿಗೆ ತಿಳಿದಿರಲಿಲ್ಲವೇ? ಕರ್ಮಸಿದ್ಧಾಂತವು ತನ್ನನ್ನು ತಾನು ನೋಡಿಕೊಳ್ಳುವ ಕನ್ನಡಿ. ಅದನ್ನು ಪರರ ಮುಖಕ್ಕೆ ಹಿಡಿದರೆ ಅದು ಹಿಂಸೆಯ ಉಪಕರಣವಾಗುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದುದು. ಕಳೆದುದನ್ನೇ ಮತ್ತೆ ಮತ್ತೆ ನೆನೆಯುವುದು ಆರ್ತಧ್ಯಾನವಲ್ಲವೇ, ಅದನ್ನು ಬಿಡಿಸುವುದಕ್ಕೆ ಬದಲಾಗಿ ಯಾರೋ ಅಪರಿಚಿತರ ಮುಂದೆ ಹೇಳಿಸುವುದೆಂದರೇನು, ಎಂದು ಸ್ವಾಧ್ಯಾಯ ಮಾಡಿದವರೇ ಕೇಳುತ್ತಾರೆ. ಆರ್ತಧ್ಯಾನವೆಂದೇ ಒಪ್ಪಿಕೊಳ್ಳೋಣ. ಅದು ಅವಿರತರಿಗೂ ದೇಶವಿರತರಿಗೂ ಪ್ರಮತ್ತಸಂಯತರಿಗೂ ಉಂಟಾಗುತ್ತದೆಂದು ಶಾಸ್ತ್ರವೇ ಹೇಳುವಾಗ, ಆರನೆಯ ಗುಣಸ್ಥಾನದ ಮುನಿಗೂ ತಪ್ಪದುದನ್ನು ಹದಿನೈದರ ಹುಡುಗನಲ್ಲಿ ಕಂಡು ಗದರಿಸುವುದು ಯಾವ ನ್ಯಾಯ? ವೇದನೆಯಿಂದ ಹುಟ್ಟಿದ ಆರ್ತಧ್ಯಾನಕ್ಕೆ ವೇದನೆಯ ಶಮನವೇ ಮಾರ್ಗ. ಜ್ವರ ಬಂದವನಿಗೆ ಜ್ವರವನ್ನು ನೆನೆಯಬೇಡ ಎಂದು ಯಾರೂ ಉಪದೇಶಿಸುವುದಿಲ್ಲ. ವಡ್ಡಾರಾಧನೆಯ ಸುಕುಮಾರಸ್ವಾಮಿಯು ನರಿಗಳು ತನ್ನ ದೇಹವನ್ನು ತಿನ್ನುತ್ತಿದ್ದರೂ ಅಲುಗಲಿಲ್ಲವೆಂಬ ದೃಷ್ಟಾಂತವನ್ನು ಇಲ್ಲಿ ತರುವವರೂ ಉಂಟು. ಆತನು ಸನ್ಯಸನವನ್ನು ತಾನಾಗಿ ಕೈಕೊಂಡ ಯತಿ. ವ್ರತವನ್ನೇ ಕೊಳ್ಳದ ಬಾಲಿಕೆಯ ಮೇಲೆ ಬಂದೆರಗಿದುದನ್ನು ಪರೀಷಹಜಯದ ಅಳತೆಯಿಂದ ಅಳೆಯುವುದು ಶಾಸ್ತ್ರಕ್ಕೂ ಅಪಚಾರ, ಆ ಬಾಲಿಕೆಗೂ ಅಪಚಾರ.

ನಮ್ಮ ಸಮಾಜದಲ್ಲಿ ಅಂತರಂಗವನ್ನು ತೆರೆದು ಹೇಳುವ ವಿಧಿ ಇಲ್ಲದಿಲ್ಲ, ಆಲೋಚನೆ, ಪ್ರತಿಕ್ರಮಣಗಳಿವೆ. ಆದರೆ ಅವು ತಾನು ಮಾಡಿದ ದೋಷವನ್ನು ಗುರುವಿನ ಮುಂದೆ ನಿವೇದಿಸುವ ವಿಧಿಗಳು. ತನಗೆ ಮಾಡಲ್ಪಟ್ಟ ದೋಷವನ್ನು ಹೇಳಲು ಸ್ಥಳ ಬೇರೆಯಾಗಬೇಕು. ಎರಡನ್ನೂ ಒಂದೇ ಎಂದು ಬಗೆದರೆ, ನೊಂದವರು ತಮ್ಮನ್ನೇ ಅಪರಾಧಿಗಳೆಂದು ತಿಳಿಯುತ್ತಾರೆ. ಆಘಾತವನ್ನು ಅರಿತು ಚಿಕಿತ್ಸೆ ನೀಡುವ ಮನಃಶಾಸ್ತ್ರಜ್ಞರು ಮೊದಲು ಬಿಡಿಸುವ ಗಂಟು ಇದೇ.

ಅವರು ಮಾಡುವುದೇನು ಎಂಬುದನ್ನು ಸರಿಯಾಗಿ ತಿಳಿಯದೆಯೇ ಅನೇಕರು ಅಂಜುತ್ತಾರೆ. ಇವರು ಔಷಧಿ ಬರೆಯುವ ಮನೋವೈದ್ಯರಲ್ಲ. ಮಾತು, ಅಭ್ಯಾಸ ಮತ್ತು ಪರೀಕ್ಷೆಗಳ ಮೂಲಕ ಕೆಲಸ ಮಾಡುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಫಲಕ ನೋಡಿ ಒಳಗೆ ಹೋಗುವ ಮುನ್ನ ಅದನ್ನು ಕೇಳುವುದರಲ್ಲಿ ಸಂಕೋಚ ಬೇಡ. ಜೂಡಿತ್ ಹರ್ಮನ್ ಎಂಬ ಅಮೆರಿಕದ ಮನೋವೈದ್ಯೆ 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗುಣವಾಗುವ ದಾರಿಯನ್ನು ಮೂರು ಹಂತಗಳಾಗಿ ವಿವರಿಸಿದರು: ಮೊದಲು ಸುರಕ್ಷೆ, ಅನಂತರ ಸ್ಮರಣೆ ಮತ್ತು ಶೋಕ, ಕೊನೆಗೆ ಲೋಕದೊಡನೆ ಮತ್ತೆ ಬೆರೆಯುವುದು. ಸುರಕ್ಷೆ ಮೊದಲು ಎಂಬುದನ್ನು ಗಮನಿಸಬೇಕು. ನಾಲ್ಕು ದಾನಗಳಲ್ಲಿ ಅಭಯದಾನವೆಂದು ಆಚಾರ್ಯರು ಕರೆದುದು ಇದಕ್ಕಿಂತ ಬೇರೆಯೇ? ಘಟನೆಯಾದ ಕೂಡಲೇ ಎಲ್ಲವನ್ನೂ ಹೇಳಿಬಿಡು ಎಂದು ಒತ್ತಾಯಿಸುವುದು ಹಿತವಲ್ಲವೆಂಬುದು ಇಂದು ಒಪ್ಪಿತವಾದ ಮಾತು. ಸಂಕಟಕ್ಕೆ ಸಿಲುಕಿದವರಲ್ಲಿ ಹೆಚ್ಚಿನವರು ತಮ್ಮವರ ಆಸರೆಯಿಂದಲೇ ಚೇತರಿಸಿಕೊಳ್ಳುತ್ತಾರೆ. ಎಲ್ಲರನ್ನೂ ಚಿಕಿತ್ಸೆಗೆ ಅಟ್ಟಬೇಕಾಗಿಲ್ಲ. ತಿಂಗಳುಗಳು ಕಳೆದರೂ ಗಂಟಲು ಮಾಯದವರಿಗೆ ಅದು ಬೇಕು.

ಮನಸ್ಸಿನ ಪರೀಕ್ಷೆಯ ವಿಷಯದಲ್ಲಿ ಸ್ಯಾದ್ವಾದವು ನೆರವಾಗುತ್ತದೆ. ವರದಿಯು ಹೇಳುವುದು ಈ ಕಾಲದಲ್ಲಿ, ಈ ಅಪೇಕ್ಷೆಯಿಂದ, ಹೀಗೆ ಕಾಣುತ್ತದೆ ಎಂದಷ್ಟೆ. ಅದು ಆತ್ಮದ ಮೇಲೆ ಒತ್ತಿದ ಮುದ್ರೆಯಲ್ಲ. ಅಂತಹ ವರದಿಯನ್ನು ವಿವಾಹ ಸಂಬಂಧ ಕೂಡಿಸುವಾಗಲೋ, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯದಲ್ಲೋ ಹೊರತೆಗೆಯಬೇಕೆನ್ನುವವರಿಗೆ ಏನು ಹೇಳಬೇಕು? ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ರಹೋಭ್ಯಾಖ್ಯಾನವಿದೆ, ಸಾಕಾರಮಂತ್ರಭೇದವಿದೆ, ನ್ಯಾಸಾಪಹಾರವೂ ಇದೆ. ಗುಟ್ಟನ್ನು ಹೊರಗೆಡಹುವುದನ್ನೂ, ಇಟ್ಟ ಒಡವೆಯನ್ನು ನುಂಗುವುದನ್ನೂ ಒಂದೇ ಸಾಲಿನಲ್ಲಿ ಇಟ್ಟ ಆಚಾರ್ಯರ ಔಚಿತ್ಯವು ವ್ಯಾಪಾರಿಗಳಿಗೆ ಬೇಗ ಅರ್ಥವಾದೀತು. ನಂಬಿ ಹೇಳಿದ ಮಾತೂ ಠೇವಣಿಯೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಈ ಗೋಪ್ಯತೆಯನ್ನು ಹಕ್ಕಾಗಿ ಮನ್ನಿಸಿದೆ.

ಹಾಗಾದರೆ ಉಪಗೂಹನವೆಂಬ ಅಂಗದ ಹೆಸರಿನಲ್ಲಿ ಆ ನೆಂಟನ ಕೃತ್ಯವನ್ನೂ ಮುಚ್ಚಿಡಬಹುದೇ? ಕೂಡದು. ಮಾರ್ಗದಲ್ಲಿ ನಡೆವ ಅಶಕ್ತರ ಎಡವಿಕೆಯಿಂದ ಧರ್ಮಕ್ಕೆ ನಿಂದೆ ಬರದಂತೆ ಕಾಯುವುದು ಉಪಗೂಹನ. ಮಗುವನ್ನು ಹಿಂಸಿಸುವವನಿಗೆ ಮರೆ ಕಟ್ಟುವುದಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದುದು ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ವಿಧಿಸುತ್ತದೆ. ಚಿಕಿತ್ಸಕರಿಗೂ ಅದರಿಂದ ವಿನಾಯಿತಿಯಿಲ್ಲ. ಮನೆತನದ ಮರ್ಯಾದೆಯ ಮಾತು ಬಂದಾಗ ವಿಷ್ಣುಕುಮಾರರನ್ನು ನೆನೆಯಬೇಕು. ಮುನಿಗಳ ಪ್ರಾಣಕ್ಕಾಗಿ ತಮ್ಮ ವ್ರತಕ್ಕೆ ಬಂದ ಭಂಗವನ್ನು ಅವರು ಒಪ್ಪಿ, ಅನಂತರ ಪ್ರಾಯಶ್ಚಿತ್ತ ತೆಗೆದುಕೊಂಡರು.

ಉಳಿದುದು ದಾರಿಯ ಮತ್ತು ದುಡ್ಡಿನ ಮಾತು. ಯಡ್ರಾಮಿಯಿಂದ ಜೇವರ್ಗಿಗೆ ಬಂದು, ಭೀಮಾನದಿಯ ಸೇತುವೆ ದಾಟಿ ಕಲಬುರಗಿಗೆ ಹೋಗಿಬರುವಷ್ಟರಲ್ಲಿ ಒಂದು ದಿನದ ದುಡಿಮೆ ಹೋಗುತ್ತದೆ. ಖಾಸಗಿ ಚಿಕಿತ್ಸೆಯಾದರೆ ಪ್ರತಿ ಭೇಟಿಗೂ ಶುಲ್ಕ, ಭೇಟಿಗಳೂ ಒಂದೆರಡರಲ್ಲಿ ಮುಗಿಯುವುದಿಲ್ಲ. ಬಸ್ಸಿನಲ್ಲಿ ಕುಳಿತರೆ ‘ದವಾಖಾನಿಗಿ ಹೊಂಟೀರೇನ್ರಿ?’ ಎಂದು ಕೇಳುವವರು ಬೇರೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಮನೆಯಿಂದಲೇ ಕನ್ನಡದಲ್ಲಿ ಮಾತನಾಡಬಹುದು, ಅದಕ್ಕೆ ಶುಲ್ಕವಿಲ್ಲ; ಮೊದಲ ಹೆಜ್ಜೆಗೆ ಅದು ಸಾಕು, ದೀರ್ಘ ಚಿಕಿತ್ಸೆಗೆ ಸಾಲದು. ಬಸದಿಗಳ ಟ್ರಸ್ಟುಗಳು ಪಂಚಕಲ್ಯಾಣದ ಪೆಂಡಾಲಿಗೆ ಕೊಡುವುದರಲ್ಲಿ ಒಂದು ಸಣ್ಣ ಅಂಶವನ್ನು ಔಷಧದಾನಕ್ಕೆಂದು ತೆಗೆದಿಟ್ಟು, ಇಂತಹವರ ಬಸ್ಸಿನ ಖರ್ಚನ್ನೂ ಶುಲ್ಕವನ್ನೂ ಕೊಡಬಾರದೇಕೆ? ಯಾರಿಗೆ ಎಂದು ಸಭೆಯಲ್ಲಿ ಓದಿ ಹೇಳುವ ಅಗತ್ಯವಿಲ್ಲ. ಲೆಕ್ಕಪರಿಶೋಧಕರು ರಸೀದಿ ಕೇಳುತ್ತಾರೆಂಬುದು ನಿಜವಾದ ತೊಡಕು. ಚಿಕಿತ್ಸಕರ ರಸೀದಿಗಳನ್ನು ಒಬ್ಬ ವಿಶ್ವಸ್ತರು ಮೊಹರು ಮಾಡಿದ ಲಕೋಟೆಯಲ್ಲಿಟ್ಟು, ಪರಿಶೋಧಕರಿಗೆ ಮಾತ್ರ ತೋರಿಸಿ, ರೋಜು ವಹಿಯಲ್ಲಿ ಕ್ರಮಸಂಖ್ಯೆ ಮತ್ತು ಮೊತ್ತವನ್ನಷ್ಟೇ ಬರೆದರೆ ಲೆಕ್ಕವೂ ಸರಿಹೋಗುತ್ತದೆ, ಹೆಸರೂ ಹೊರಬೀಳುವುದಿಲ್ಲ.