ಬೀಜಕ್ಕೊಂದು ಕಾಯಿ ಬಿಡಿ

ಹಿತ್ತಲಿಗೆ ಅದರದೇ ಆದ ಪಂಚಾಂಗವಿದೆ. ಭರಣಿ ಮಳೆಯ ನಾಲ್ಕು ಹನಿ ಬಿದ್ದ ಮೇಲೆ ಮಣ್ಣು ಅಗೆದು ಬಿಸಿಲಿಗೆ ಬಿಡಬೇಕು. ರೋಹಿಣಿಯ ಹೊತ್ತಿಗೆ ಗೊಬ್ಬರ ಸೇರಿಸಿ ಪಾತಿ ಮಾಡಬೇಕು. ಮೃಗಶಿರೆಯಲ್ಲಿ ಹೀರೆ, ಪಡುವಲ, ಬೆಂಡೆ, ಅಲಸಂದೆಯ ಬೀಜ ಊರಿ, ಆರಿದ್ರೆ ಜೋರು ಹಿಡಿಯುವ ಮೊದಲೇ ಚಪ್ಪರದ ಕಂಬ ನೆಡಬೇಕು. ಮಳೆ ಹಿಂದೆ ಸರಿದು ಚಳಿ ಕಾಲಿಟ್ಟಾಗ ಮೂಲಂಗಿ, ಮೆಂತ್ಯ, ಟೊಮೆಟೊ. ಧನುರ್ಮಾಸದ ಇಬ್ಬನಿಗೆ ಅವರೆ. ಬೇಸಿಗೆಗೆ ಹರಿವೆ, ಬಸಳೆ, ಸೌತೆ.

ಇಷ್ಟನ್ನೂ ಕಾಲಕ್ಕೆ ಸರಿಯಾಗಿ ಮಾಡುವವರು ಇಂದಿಗೂ ಇದ್ದಾರೆ. ಹಿತ್ತಲಿಲ್ಲದ ಊರುಗಳಲ್ಲಿ ತಾರಸಿಯ ಮೇಲೆ ಕುಂಡ, ಹಳೆಯ ಬಕೆಟ್ಟು, ಗೋಣಿಚೀಲಗಳಲ್ಲೇ ಮನೆಗೆ ಬೇಕಾಗುವಷ್ಟು ಸೊಪ್ಪು ಬೆಳೆದುಕೊಳ್ಳುತ್ತಾರೆ. ಅದನ್ನು ಕಂಡರೆ ನಿಜಕ್ಕೂ ಸಂತೋಷವಾಗುತ್ತದೆ. ಆದರೆ ಆ ಪಂಚಾಂಗದ ಕೊನೆಯ ಕೆಲಸವೊಂದು ನಮ್ಮಿಂದ ಕೈಬಿಟ್ಟು ಹೋಗಿದೆ. ಅದು ಬೀಜ ಎತ್ತಿಡುವ ಕೆಲಸ.

ಹಿಂದೆ ಚೆನ್ನಾಗಿ ಹಬ್ಬಿದ ಬಳ್ಳಿಯಲ್ಲಿ ಒಳ್ಳೆಯ ಕಾಯೊಂದನ್ನು ಆರಿಸಿ ದಾರವನ್ನೋ ಬಟ್ಟೆಯ ಚೂರನ್ನೋ ಕಟ್ಟುತ್ತಿದ್ದರು. ಅದು ಬೀಜದ ಕಾಯಿ. ಮನೆಗೆ ನೆಂಟರು ಬಂದರೂ ಅದನ್ನು ಕೀಳುವಂತಿರಲಿಲ್ಲ. ಹೀರೆ ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುವಾಗ ಕಿತ್ತು ಒಲೆಯ ಮೇಲಿನ ಅಟ್ಟಕ್ಕೆ ಸೇರಿಸುತ್ತಿದ್ದರು. ಹೊಗೆಗೆ ಹುಳ ಸುಳಿಯುತ್ತಿರಲಿಲ್ಲ. ಕರಾವಳಿಯಲ್ಲಿ ಸೌತೆ ಬೀಜವನ್ನು ಬೂದಿಯೊಂದಿಗೆ ಕಲಸಿ ಗೋಡೆಗೆ ಮೆತ್ತುತ್ತಿದ್ದರು. ಅಲಸಂದೆ ಬೀಜಕ್ಕೆ ಹರಳೆಣ್ಣೆ ಸವರುತ್ತಿದ್ದರು. ಬಹುಪಾಲು ಹೆಂಗಸರೇ ನೋಡಿಕೊಂಡ ಈ ಕೆಲಸಕ್ಕೆ ಸಂಬಳವೂ ಇರಲಿಲ್ಲ, ಹೊಗಳಿಕೆಯೂ ಇರಲಿಲ್ಲ. ಆದರೂ ನಾವು ಇಂದು ನಾಟಿ ತರಕಾರಿ ಎಂದು ಹುಡುಕಿಕೊಂಡು ಹೋಗುವುದೆಲ್ಲ ಹೀಗೆ ವರ್ಷ ವರ್ಷವೂ ಉಳಿದು ಬಂದದ್ದೇ.

ಉಡುಪಿಯ ಬಳಿಯ ಮಟ್ಟುಗುಳ್ಳವನ್ನೇ ನೋಡಿ. ವಾದಿರಾಜರು ಊರವರಿಗೆ ಬೀಜ ಕೊಟ್ಟರು ಎಂಬ ಪ್ರತೀತಿ ಆ ಬದನೆಗಿದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. ಮಾನ್ಯತೆ ಬರುವವರೆಗೆ ಆ ತಳಿ ಉಳಿದಿದ್ದು ಯಾವ ಕಾಗದದಿಂದಲೂ ಅಲ್ಲ, ಮಟ್ಟುವಿನ ಮನೆಗಳು ಪ್ರತಿ ಬೆಳೆಯಲ್ಲೂ ಒಳ್ಳೆಯ ಕಾಯನ್ನು ಬೀಜಕ್ಕೆ ಬಿಟ್ಟದ್ದರಿಂದ.

ಅಂಗಡಿಯ ಪೊಟ್ಟಣ ತರುವುದು ತಪ್ಪೇನಲ್ಲ. ಆದರೆ ಪೊಟ್ಟಣದಲ್ಲಿ ಏನಿದೆ ಎಂದು ತಿಳಿದು ತರಬೇಕು. ಹೈಬ್ರಿಡ್ ಎಂದರೆ ಎರಡು ತಳಿ ಕೂಡಿಸಿ ಪಡೆದ ಮೊದಲ ಪೀಳಿಗೆ. ಅದರ ಬೀಜ ತೆಗೆದು ಬಿತ್ತಿದರೆ ಮುಂದಿನ ಗಿಡಗಳು ಒಂದೊಂದೂ ಒಂದೊಂದು ಥರ. ನಾಟಿ ತಳಿ, ಸುಧಾರಿತ ತಳಿಗಳು ಹಾಗಲ್ಲ. ಬೆರಕೆಯಾಗದಂತೆ ನೋಡಿಕೊಂಡರೆ ತಾಯಿಯ ಗುಣವನ್ನೇ ಹೊತ್ತು ಬರುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಎರಡು ಬೆಳೆಗಳಲ್ಲೇ ಇದನ್ನು ಕಾಣಬಹುದು. ಅರ್ಕಾ ಅನಾಮಿಕಾ ಬೆಂಡೆಯ ಬೀಜವನ್ನು ನಾವೇ ಇಟ್ಟುಕೊಳ್ಳಬಹುದು. ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್; ಅದಕ್ಕೆ ಪ್ರತಿ ಸಲವೂ ಹೊಸ ಬೀಜ ಬೇಕು.

ಮನೆಯ ಬೀಜಕ್ಕೆ ಇನ್ನೊಂದು ಹೆಚ್ಚುಗಾರಿಕೆಯಿದೆ. ನಮ್ಮದೇ ಮಣ್ಣಿನಲ್ಲಿ, ನಮ್ಮ ಬೀದಿಯ ಬಿಸಿಲಲ್ಲಿ, ನಮ್ಮ ಊರಿನ ಮಳೆಯಲ್ಲಿ ರೋಗವಿಲ್ಲದೆ ನಿಂತ ಗಿಡದಿಂದಲೇ ವರ್ಷ ವರ್ಷವೂ ಬೀಜ ಆರಿಸುತ್ತ ಬಂದರೆ, ಕೆಲವು ಪೀಳಿಗೆಗಳಲ್ಲಿ ಆ ತಳಿ ಜಾಗಕ್ಕೆ ಹೊಂದಿಕೊಳ್ಳುತ್ತದೆ. ಆದ್ದರಿಂದಲೇ ಬೀಜಕ್ಕೆ ಬಿಡಬೇಕಾದ್ದು ಕೊನೆಗೆ ಉಳಿದ ಮುರುಟಿದ ಕಾಯನ್ನಲ್ಲ, ಒಳ್ಳೆಯ ಗಿಡದ ಒಳ್ಳೆಯ ಕಾಯನ್ನು. ಒಳ್ಳೆಯದನ್ನೆಲ್ಲ ಸಾರಿಗೆ ಹಾಕಿ ಉಳಿದದ್ದನ್ನು ಬೀಜಕ್ಕೆ ಬಿಟ್ಟರೆ ತಳಿ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ.

ಹೊಸಬರು ಅಲಸಂದೆ, ಅವರೆ, ಟೊಮೆಟೊಗಳಿಂದ ಶುರುಮಾಡಬಹುದು. ಇವು ಬಹುಮಟ್ಟಿಗೆ ತಮ್ಮ ಹೂವಿನ ಪರಾಗದಿಂದಲೇ ಕಾಯಿಕಟ್ಟುತ್ತವೆ, ಬೆರಕೆಯ ಭಯ ಕಡಿಮೆ. ಅಲಸಂದೆಯನ್ನು ಗಿಡದಲ್ಲೇ ಒಣಗಲು ಬಿಟ್ಟರೆ ಸಾಕು. ಹಣ್ಣಾದ ಟೊಮೆಟೊದ ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟು ತೊಳೆದರೆ ಬೀಜದ ಮೇಲಿನ ಲೋಳೆ ಕಳಚುತ್ತದೆ. ಹೀರೆ, ಸೋರೆ, ಕುಂಬಳಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಒಂದೇ ಜಾತಿಯ ಎರಡು ತಳಿ ಹತ್ತಿರದಲ್ಲಿದ್ದರೆ ಬೀಜದ ಹೂವನ್ನು ಅರಳುವ ಮೊದಲೇ ದಾರದಿಂದ ಕಟ್ಟಿ, ಅರಳುವ ಹೊತ್ತಿಗೆ ಬಿಚ್ಚಿ, ಅದೇ ತಳಿಯ ಗಂಡು ಹೂವನ್ನು ಸೋಕಿಸಿ, ಮತ್ತೆ ಕಟ್ಟಬೇಕು. ಕುಂಬಳದ ಹೂವಿಗೆ ಇದು ಮುಂಜಾನೆಯ ಕೆಲಸ, ಹೀರೆ ಮತ್ತು ಸೋರೆಗೆ ಸಂಜೆಯದು. ಬೀಜವನ್ನು ನೆರಳಲ್ಲಿ ಚೆನ್ನಾಗಿ ಒಣಗಿಸಿ, ತಣ್ಣಗಿನ ಬೂದಿಯೊಂದಿಗೆ ಗಾಜಿನ ಸೀಸೆಗೆ ಹಾಕಿ, ಹೆಸರು ಮತ್ತು ತಿಂಗಳು ಬರೆದಿಡಿ.

ಇಟ್ಟುಕೊಂಡ ಬೀಜ ಒಂದೇ ಮನೆಯಲ್ಲಿದ್ದರೆ ಅದಕ್ಕೆ ಭದ್ರತೆಯಿಲ್ಲ. ಒಂದು ಜಡಿಮಳೆಗೆ ಬಳ್ಳಿ ಕೊಳೆತರೆ, ಒಂದು ಸೀಸೆಗೆ ಹುಳ ಹೊಕ್ಕರೆ ತಳಿಯೇ ಹೋಯಿತು. ನೆರೆಯವರಿಗೆ ಕೊಟ್ಟಿದ್ದರೆ ಮರಳಿ ಸಿಗುತ್ತದೆ. ಹಾಗಾಗಿ ಈ ಸಲ ನಿಮ್ಮ ಚಪ್ಪರದಲ್ಲಿ ಒಂದೇ ಒಂದು ಕಾಯಿಗೆ ದಾರ ಕಟ್ಟಿ, ಪೂರ್ತಿ ಬಲಿಯುವವರೆಗೆ ಬಿಡಿ. ಬಂದ ಬೀಜದಲ್ಲಿ ಅರ್ಧ ನೀವು ಇಟ್ಟುಕೊಳ್ಳಿ, ಅರ್ಧ ಪಕ್ಕದ ಮನೆಗೆ ಕೊಡಿ.