ಮಲಗಿದ ತಾಯಿಯ ಕಾಯಕ

ಕಾಯಕವೆಂದೊಡನೆ ನಮ್ಮ ಕಣ್ಣಮುಂದೆ ದುಡಿಯುವ ಕೈಗಳೂ ನಡೆಯುವ ಕಾಲುಗಳೂ ಬಂದು ನಿಲ್ಲುವವು. ಹುನ್ನೂರಿನ ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವವಳು, ರಬಕವಿ-ಬನಹಟ್ಟಿಯ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವವಳು, ನಸುಕಿನಲ್ಲೆದ್ದು ರೊಟ್ಟಿ ಬಡಿಯುವವಳು ಕಾಯಕಜೀವಿಗಳೆಂದು ಒಪ್ಪಿಕೊಳ್ಳಲು ನಮಗೆ ತಡವಾಗುವದಿಲ್ಲ. ಆದರೆ ವೈದ್ಯರ ಅಪ್ಪಣೆಯಂತೆ ವಾರಗಟ್ಟಲೆ ಹಾಸಿಗೆಯ ಮೇಲಿರಬೇಕಾದ ಗರ್ಭಿಣಿಯು ಏನು ಮಾಡುತ್ತಿರುವಳು? "ಏನೂ ಇಲ್ಲ, ಮಲಗಿರುವಳು" ಎಂಬುದೇ ಲೋಕದ ಉತ್ತರ. ಮೇಲಾಗಿ ಅವಳು ಚಿಕ್ಕಂದಿನಲ್ಲಿ ಪೋಲಿಯೋ ತಗುಲಿ ಒಂದು ಕಾಲಿನ ಬಲವನ್ನು ಕಳೆದುಕೊಂಡವಳಾಗಿದ್ದರೆ, ಆ ಉತ್ತರಕ್ಕೆ ಇನ್ನೊಂದು ಮಾತೂ ಅಂಟಿಕೊಳ್ಳುವದು: "ಇಂಥವಳಿಗೆ ಬಸಿರೇಕೆ ಬೇಕಾಗಿತ್ತು?"

ಸದ್ಭಕ್ತರೇ, ಈ ಎರಡು ಮಾತುಗಳನ್ನು ಶರಣರ ತತ್ತ್ವದ ಒರೆಗಲ್ಲಿಗೆ ಹಚ್ಚಿ ನೋಡೋಣ. ಇದು ಎಲ್ಲಿಯೋ ದೂರದ ವಿಚಾರವಲ್ಲ. ಭಾರತದಲ್ಲಿ ಪೋಲಿಯೋದ ಕೊನೆಯ ಸಹಜ ಪ್ರಕರಣವು 2011ರ ಜನೇವರಿಯಲ್ಲಿ ಕಂಡುಬಂದಿತು. 2014ರ ಮಾರ್ಚಿನಲ್ಲಿ ದೇಶವು ಆ ರೋಗದಿಂದ ಮುಕ್ತವಾಯಿತೆಂದು ಸಾರಲಾಯಿತು. ರೋಗವು ಹೋಯಿತು, ಆದರೆ ಅದು ಮುಟ್ಟಿಹೋದ ಹೆಣ್ಣುಮಕ್ಕಳು ಇಂದಿಗೂ ನಮ್ಮ ಮನೆಗಳಲ್ಲಿ ಮಗಳಾಗಿ ಸೊಸೆಯಾಗಿ ಬಾಳುತ್ತಿರುವರು. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದವರು, ಹುಟ್ಟಿನಿಂದಲೇ ಅಂಗವಿಕಲರಾದವರು ಬೇರೆ ಇರುವರು. ಅವರು ತಾಯಂದಿರಾಗಲು ಬಯಸುವದು ಯಾವ ಶಾಸ್ತ್ರದಲ್ಲಿಯೂ ಅಪರಾಧವಲ್ಲ. ಪೋಲಿಯೋ ರಕ್ತದಿಂದ ಮಗುವಿಗೆ ಇಳಿದುಬರುವ ರೋಗವೂ ಅಲ್ಲ.

ಬಸವಣ್ಣನವರು ಒಂದು ವಚನದಲ್ಲಿ ಶರೀರವನ್ನೇ ಗುಡಿಯೆಂದೂ ಕಾಲುಗಳನ್ನು ಅದರ ಕಂಬಗಳೆಂದೂ ಬಣ್ಣಿಸಿದ್ದಾರೆ. ಇದನ್ನು ಕೇಳಿದ ಅಂಗವಿಕಲ ತಾಯಿಯೊಬ್ಬಳು, "ನನ್ನ ಕಂಬವೊಂದು ಸೊಟ್ಟಾಗಿದೆಯಲ್ಲ, ನನ್ನದು ಗುಡಿಯಲ್ಲವೇ?" ಎಂದು ಕೇಳಿದರೆ ಏನು ಹೇಳಬೇಕು? ಆ ವಚನವು ಎಲ್ಲಿಂದ ಹೊರಡುವದೆಂಬುದನ್ನು ಗಮನಿಸಬೇಕು. ಉಳ್ಳವರು ಕಲ್ಲಿನಿಂದ ಗುಡಿ ಕಟ್ಟಿಸಬಲ್ಲರು, ಏನೂ ಇಲ್ಲದವನು ಏನು ಮಾಡಬೇಕೆಂಬ ಕಳವಳದಿಂದ ಅದು ಹೊರಡುವದು. ಅದು ಕಟ್ಟಡದ ಅಂದವನ್ನು ಅಳೆಯಲು ಬಂದ ಮಾತಲ್ಲ. ಇಲ್ಲದವರ ಪಕ್ಷವನ್ನು ಹಿಡಿದು ಬಂದ ಮಾತು. ಇನ್ನು ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಇಲ್ಲವೆಂಬ ಅದರ ಮುಕ್ತಾಯವನ್ನು ಕಾಲ್ನಡಿಗೆಗೆ ಹೊಂದಿಸಿ ಅರ್ಥ ಹೇಳುವವರು ಜಂಗಮತತ್ತ್ವವನ್ನು ಎರಡು ಪಾದಗಳಷ್ಟು ಸಣ್ಣದು ಮಾಡುವರು. ಚಲಿಸುವದು ಅರಿವು. ಮಲಗಿದ ತಾಯಿಯ ಒಡಲಿನಲ್ಲಿ ಹಗಲಿರುಳೂ ಮಿಡಿಯುತ್ತಿರುವ ಜೀವಕ್ಕಿಂತ ಮಿಗಿಲಾದ ಜಂಗಮವು ಆ ಮನೆಯಲ್ಲಿ ಆ ಹೊತ್ತಿಗೆ ಯಾವುದಿದ್ದೀತು?

ಇದಕ್ಕಿಂತ ಸೂಕ್ಷ್ಮವಾದುದು ಇನ್ನೊಂದು ವಚನ. ಅದರಲ್ಲಿ ಅಣ್ಣನವರು ತಮ್ಮನ್ನು ಹೆಳವನನ್ನಾಗಿ, ಕುರುಡನನ್ನಾಗಿ, ಕಿವುಡನನ್ನಾಗಿ ಮಾಡೆಂದು ಕೂಡಲಸಂಗಮದೇವನಲ್ಲಿ ಮೊರೆಯಿಡುತ್ತಾರೆ. ಇದನ್ನು ಹಾಸಿಗೆ ಹಿಡಿದ ಅಂಗವಿಕಲ ಹೆಣ್ಣುಮಗಳ ಮುಂದೆ ಹೇಳಿ, "ನೋಡು ತಂಗಿ, ಅಣ್ಣನವರು ಬೇಡಿದ್ದು ನಿನಗೆ ತಾನಾಗಿಯೇ ದೊರೆತಿದೆ" ಎಂದು ಸಮಾಧಾನ ಹೇಳಲು ಹೋಗುವವರುಂಟು. ಅದು ಸಮಾಧಾನವಲ್ಲ, ನಿರ್ದಯೆ. ಆ ಮೊರೆಯು ಕಾಲುಳ್ಳವನ ಮೊರೆ. ಕಾಲಿದ್ದೂ ಸಲ್ಲದ ಕಡೆಗೆ ಅಲೆಯುವೆನೆಂಬ ಭಯದಿಂದ ಹುಟ್ಟಿದುದು. ಹೆಳವತನವನ್ನು ಹೊಗಳುವದು ಅದರ ತಾತ್ಪರ್ಯವಲ್ಲ, ಅಲೆದಾಟವನ್ನು ನಿಲ್ಲಿಸುವದು ಅದರ ತಾತ್ಪರ್ಯ. ಈ ತಾಯಿಯ ಕಾಲು ನಿಂತಿರಬಹುದು, ಮನವು ನಿಂತಿದೆಯೇ? ದೇಹವನ್ನು ಒಂದೆಡೆ ಕಟ್ಟಿಹಾಕಿದಷ್ಟೂ ಮನಸ್ಸು ಹೆಚ್ಚು ಅಲೆಯುವದೆಂಬುದು ಒಂದು ವಾರ ಮಲಗಿದವರೆಲ್ಲರೂ ಬಲ್ಲ ಸಂಗತಿ. ಮಗು ಉಳಿದೀತೋ ಇಲ್ಲವೋ, ಅಡಿಗೆಮನೆಯಲ್ಲಿ ಪಾತ್ರೆ ಸಪ್ಪಳವಾದರೆ ಅತ್ತೆಯವರು ಸಿಟ್ಟಾದರೋ, ಹೆತ್ತ ಮೇಲೆ ಒಂದೇ ಕಾಲಿನ ಬಲದಿಂದ ಕೂಸನ್ನೆತ್ತಿ ನಡೆಯಲಾದೀತೋ! ಈ ಅಲೆದಾಟಕ್ಕೆ ಆ ವಚನವು ಮದ್ದಾಗಬಲ್ಲದು, ಅದೂ ಅವಳು ತಾನಾಗಿ ತನ್ನ ಬಾಯಿಂದ ಅದನ್ನು ಹೇಳಿಕೊಂಡಾಗ.

ಹಾಗಾದರೆ ಅವಳ ಕಾಯಕವೇನು? ಆಯ್ದಕ್ಕಿ ಮಾರಯ್ಯನವರ ನಿಷ್ಠೆ ಬಹು ಕಠಿಣವಾದುದು. ಕಾಯಕದಲ್ಲಿ ತೊಡಗಿದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮನೇ ಎದುರಿಗೆ ಬಂದು ನಿಂತರೂ ಅದರ ಹಂಗನ್ನು ತೊರೆಯಬೇಕೆಂಬಲ್ಲಿಯವರೆಗೆ ಅವರು ಹೋಗುವರು. ಮಠಕ್ಕೆ ಬರಲಾಗಲಿಲ್ಲ, ಜಾತ್ರೆಯ ತೇರಿಗೆ ಕೈಮುಗಿಯಲಾಗಲಿಲ್ಲ, ಮನೆಗೆ ಬಂದ ಜಂಗಮರಿಗೆ ಎದ್ದು ನೀರು ಕೊಡಲಾಗಲಿಲ್ಲವೆಂದು ಕೊರಗುವ ತಾಯಿಗೆ ಇದಕ್ಕಿಂತ ಬೇರೆ ಅಪ್ಪಣೆ ಬೇಕಿಲ್ಲ. ಒಂದು ಜೀವವನ್ನು ತಿಂಗಳು ತುಂಬುವವರೆಗೆ ಕಾಯುವದೇ ಅವಳ ಕಾಯಕ.

ಪೂಜೆಗೂ ಅಡ್ಡಿಯಿಲ್ಲ. ಇಷ್ಟಲಿಂಗವು ಎದೆಯ ಮೇಲೆಯೇ ಇರುವದು. ಅದಕ್ಕಾಗಿ ಮೆಟ್ಟಿಲು ಹತ್ತಬೇಕಾಗಿಲ್ಲ. ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು, ಮಲಗಿದಲ್ಲಿಯೇ ಕರಸ್ಥಲದಲ್ಲಿಟ್ಟು ನೋಡಿದರೆ ಸಾಕು. ಮಾಸು ಕೆಳಗಿಳಿದು ಕುಳಿತ ಗರ್ಭಿಣಿಗೆ ನಡುನಡುವೆ ರಕ್ತ ಕಾಣಿಸುವದುಂಟು. ಆಗ "ಲಿಂಗ ಮುಟ್ಟಬೇಡ" ಎನ್ನುವ ಹಿರಿಯರು ಈಗಲೂ ಕೆಲವು ಮನೆಗಳಲ್ಲಿರುವರೆಂಬುದು ಖೇದದ ಸಂಗತಿ. ಲಿಂಗವಂತರಿಗೆ ರಜಸ್ಸೂತಕವಿಲ್ಲ, ಜನನಸೂತಕವಿಲ್ಲವೆಂದು ನಮ್ಮ ಧರ್ಮವು ಸಾರಿಹೇಳಿದೆ. ರಕ್ತ ಕಂಡಾಗ ತಡೆಯಬೇಕಾದುದು ಪೂಜೆಯನ್ನಲ್ಲ. ಮಾಡಬೇಕಾದುದು ತಡಮಾಡದೆ 108ಕ್ಕೆ ಕರೆ.

ಇಲ್ಲಿ ಲಕ್ಕಮ್ಮನವರನ್ನು ನೆನೆಯಬೇಕು. ಗಂಡನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಬೇಕಾದುದಕ್ಕಿಂತ ಹೆಚ್ಚಿನದು ನಮಗೇಕೆಂದು ಮರಳಿ ಚೆಲ್ಲಿಬರಲು ಹೇಳಿದ ಮಹಾತಾಯಿ ಅವರು. ವಿಶ್ರಾಂತಿಗೂ ಇದೇ ಅಳತೆ ಸಲ್ಲುವದು. ಬಸುರಿಯು ಅಂಗವಿಕಲಳೆಂದಮಾತ್ರಕ್ಕೆ ಮೊದಲ ದಿನದಿಂದಲೇ ಮಲಗಿಸಿಬಿಡುವದು ಪ್ರೀತಿಯಂತೆ ಕಂಡರೂ ಹಿತವಲ್ಲ. ಅಕಾಲದ ಹೆರಿಗೆಯನ್ನು ತಡೆಯಲು ಎಲ್ಲರನ್ನೂ ವಾಡಿಕೆಯಂತೆ ಮಲಗಿಸುವದರಿಂದ ಪ್ರಯೋಜನ ಸಿದ್ಧವಾಗಿಲ್ಲವೆಂದು ಇಂದಿನ ಪ್ರಸೂತಿತಜ್ಞರು ಹೇಳುವರು. ಬಹುಕಾಲ ಅಲುಗದೆ ಮಲಗಿದರೆ ಸ್ನಾಯುಗಳು ಸೊರಗುವವು, ಎಲುಬು ಸವೆಯುವದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿರುವದು. ಮೊದಲೇ ಬಲಗುಂದಿದ ಕಾಲಿಗೆ ಈ ಭಯ ಇನ್ನೂ ಹೆಚ್ಚು. ಆದುದರಿಂದ ಎಷ್ಟು ಹೊತ್ತು ಮಲಗಬೇಕು, ಶೌಚಕ್ಕೆ ಎದ್ದು ಹೋಗಬಹುದೇ, ಮಲಗಿದಲ್ಲಿಯೇ ಕಾಲುಗಳನ್ನು ಹೇಗೆ ಆಡಿಸಬೇಕು, ರಕ್ತ ಹೆಪ್ಪುಗಟ್ಟದಂತೆ ಚುಚ್ಚುಮದ್ದು ಬೇಕೇ ಎಂಬುದನ್ನೆಲ್ಲ ವೈದ್ಯರ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಹೇಳಿದಷ್ಟು ಮಲಗಬೇಕು, ಹೇಳದಷ್ಟನ್ನು ಲಕ್ಕಮ್ಮನವರಂತೆ ಮರಳಿಸಬೇಕು.

ದಿನ ತುಂಬುತ್ತ ಬಂದಂತೆ ಅಂಗಾತ ಮಲಗದೆ ಮಗ್ಗುಲಾಗಿ ಮಲಗುವದು ಒಳ್ಳೆಯದು. ಅಂಗಾತ ಮಲಗಿದರೆ ಗರ್ಭದ ಭಾರವು ದೊಡ್ಡ ರಕ್ತನಾಳವನ್ನು ಒತ್ತುವದು. ಸೊಂಟದ ಕೆಳಗೆ ಸ್ಪರ್ಶಜ್ಞಾನವಿಲ್ಲದವಳನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಹಾಸಿಗೆಹುಣ್ಣು ತಪ್ಪದು. ಅಂಥವಳಿಗೆ ಹೆರಿಗೆಯ ನೋವು ಕೂಡ ತಿಳಿಯದೆ ಹೋಗಬಹುದಾದ್ದರಿಂದ ಕೊನೆಯ ತಿಂಗಳುಗಳಲ್ಲಿ ತಪಾಸಣೆ ತಪ್ಪಿಸಬಾರದು. ಒಂದೇ ಕಾಲು ಬಾತು ನೊಂದರೆ, ಉಸಿರು ಕಟ್ಟಿದಂತಾದರೆ, ತೀವ್ರ ತಲೆನೋವಿನೊಡನೆ ಕಣ್ಣು ಮಂಜಾದರೆ, ಬೆಳಗಾಗಲೆಂದು ಕಾಯಬಾರದು.

ಈಗ ಮನೆಯವರ ವಿಷಯ. ದಾಸೋಹವೆಂದರೆ ಪಂಕ್ತಿಗೆ ಬಡಿಸುವದಷ್ಟೇ ಎಂದು ತಿಳಿದವರು, ತಮ್ಮ ಮನೆಯ ಒಳಕೋಣೆಯಲ್ಲಿ ದಾಸೋಹಕ್ಕೆ ಕಾದಿರುವವಳನ್ನು ಕಾಣಲಾರರು. ಗಂಡನು ಮಲದ ಪಾತ್ರೆ ಎತ್ತಿದರೆ ಅವನ ಗೌರವಕ್ಕೆ ಕುಂದಿಲ್ಲ. ಸೇವೆ ಪಡೆಯುವವಳು ಕೀಳಲ್ಲ, ಮಾಡುವವನು ಮೇಲಲ್ಲ; ದಾಸೋಹಿಯಾದವನು ತಾನು ಮಾಡಿದೆನೆಂಬುದನ್ನೇ ಬಿಡಬೇಕಾದವನು. ದಿನಕ್ಕೆರಡು ಸಲ ಅದನ್ನೆತ್ತಿ ಆಡುವ ಮನೆಯಲ್ಲಿ ತುಪ್ಪ ಹಾಕಿ ಉಣಿಸಿದ ಅನ್ನವೂ ಮೈಗೆ ಹತ್ತದು. ಕುಬುಸದ ಕಾರ್ಯವನ್ನು ಮಾಡಲೇಬೇಕೆಂಬ ಹಟವಿದ್ದರೆ, ಅವಳನ್ನು ತಾಸುಗಟ್ಟಲೆ ಕೂಡ್ರಿಸದೆ, ಮುತ್ತೈದೆಯರು ನಾಲ್ವರೇ ಹೋಗಿ ಹಾಸಿಗೆಯಲ್ಲಿಯೇ ಉಡಿ ತುಂಬಿ ಬರಲಿ. ತವರಿಗೆ ಕಳಿಸುವ ವಾಡಿಕೆಯನ್ನೂ ಹೀಗೆಯೇ ವಿಚಾರಿಸಬೇಕು. ಹೊಲದ ಹಾದಿಯ ಒಂಟಿಮನೆಗಿಂತ, ತವರಾಗಲಿ ಗಂಡನ ಮನೆಯಾಗಲಿ, ಜಮಖಂಡಿಯ ಆಸ್ಪತ್ರೆಗೆ ಬೇಗ ತಲುಪಬಹುದಾದ ಮನೆಯೇ ಆಗ ನಿಜವಾದ ತವರು.

ಸರಕಾರದ ನೆರವುಗಳನ್ನು ಕೇಳಿ ಪಡೆಯಲು ನಾಚಬೇಕಾಗಿಲ್ಲ. 2016ರಲ್ಲಿ ಆರಂಭವಾದ ಸುರಕ್ಷಿತ ಮಾತೃತ್ವ ಅಭಿಯಾನದಂತೆ ಪ್ರತಿ ತಿಂಗಳ 9ನೆಯ ತಾರೀಖಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಉಚಿತವಾಗಿ ನಡೆಯುವದು. ಅಪಾಯವುಳ್ಳ ಬಸಿರನ್ನು ಗುರುತಿಸುವದೇ ಅದರ ಮುಖ್ಯ ಉದ್ದೇಶ. 2017ರಲ್ಲಿ ಮಾತೃಪೂರ್ಣ ಯೋಜನೆ ಬಂದಾಗ ಗರ್ಭಿಣಿಯು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕೆಂಬ ಕ್ರಮವಿತ್ತು. ಯೋಜನೆ ಒಳ್ಳೆಯದೇ, ಆದರೆ ಏಳಲಾರದವಳನ್ನು ಅದು ಮರೆತಿತ್ತೆಂದು ಹೇಳದೆ ವಿಧಿಯಿಲ್ಲ. ಇಂಥಲ್ಲಿ ಓಣಿಯವರು ಅಂಗನವಾಡಿಯ ಕಾರ್ಯಕರ್ತೆಯೊಡನೆ ಮಾತಾಡಿ ಊಟವನ್ನು ಮನೆಗೆ ಮುಟ್ಟಿಸುವ ದಾರಿ ಕಾಣಬೇಕು. ಇನ್ನು ಬಸಿರನ್ನು ತೆಗೆಸಿಬಿಡೆಂದು ಒತ್ತಾಯಿಸುವ ಬಂಧುಗಳು ಒಂದು ಮಾತು ತಿಳಿದಿರಲಿ: ಅಂಗವಿಕಲ ಸ್ತ್ರೀಯ ಸ್ಪಷ್ಟ ಸಮ್ಮತಿಯಿಲ್ಲದೆ ಗರ್ಭಪಾತ ಮಾಡಿಸುವದು, ತೀವ್ರ ವೈಕಲ್ಯದ ಕೆಲವು ಸಂದರ್ಭಗಳನ್ನುಳಿದು, 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಶಿಕ್ಷೆಗೆ ಗುರಿಯಾದ ಅಪರಾಧ.

ಹೆರಿಗೆಯಾದ ಕೂಡಲೆ ಎಲ್ಲರ ಕಣ್ಣೂ ಕೂಸಿನ ಕಡೆಗೆ ಹೊರಳುವವು, ಅದು ಸಹಜ. ಆದರೆ ಅನೇಕ ವಾರ ಮಲಗಿ ಎದ್ದವಳಿಗೆ ಒಳ್ಳೆಯ ಕಾಲು ಕೂಡ ಮೊದಲ ದಿನ ನಡುಗುವದು; ಹಳೆಯ ಕ್ಯಾಲಿಪರು ಬಾತ ಕಾಲಿಗೆ ಸರಿಯಾಗಿ ಕೂಡದೆಯೂ ಇರಬಹುದು. ಕೂಸನ್ನು ಅವಳ ಮಗ್ಗುಲಿಗೆ ತಂದು ಕೊಡುವವರು ಒಬ್ಬರು, ಅವಳು ಎದ್ದು ನಿಲ್ಲುವಾಗ ತೋಳು ಹಿಡಿಯುವವರು ಒಬ್ಬರು, ಹೀಗೆ ಇಬ್ಬರು ಕೆಲವು ವಾರ ಮನೆಯಲ್ಲಿರುವಂತೆ ಮೊದಲೇ ಗೊತ್ತು ಮಾಡಿಟ್ಟುಕೊಳ್ಳಬೇಕು.